ಮುದ್ದೆಯ ಉಪಮೆಗೆ ಬಿದ್ದ ಸೊನ್ನೆ

೧೯೬೩, ಏಪ್ರಿಲ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಜಯನಗರದ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೋಣೆ. ಹಾಜರಿದ್ದವರು ನಾಲ್ವರು: ಮುಖ್ಯೋಪಾಧ್ಯಾಯರು, ಹತ್ತನೆಯ ತರಗತಿಗೆ ಇಂಗ್ಲಿಷ್ ಹೇಳುತ್ತಿದ್ದ ಹಿರಿಯ ಮೇಷ್ಟರು, ಕನ್ನಡ ಪಂಡಿತರು, ಮತ್ತು ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಹೇಳುತ್ತಿದ್ದ ನಾನು. ಕೆಲಸಕ್ಕೆ ಸೇರಿ ನನಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಕೋಣೆಯಲ್ಲಿದ್ದ ಒಬ್ಬಳೇ ಹೆಂಗಸು ನಾನು.

ಮಾಡಬೇಕಾಗಿದ್ದ ಕೆಲಸ ಒಂದೇ. ಒಂಬತ್ತರಿಂದ ಹತ್ತಕ್ಕೆ ಹೋಗುವ ಮಕ್ಕಳ ಪಟ್ಟಿಯನ್ನು ಮುಗಿಸಿ, ಮಧ್ಯಾಹ್ನ ಹೊರಗಿನ ಹಲಗೆಗೆ ಅಂಟಿಸುವುದು. ಅರ್ಧ ಗಂಟೆಯಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಇಡೀ ಬೆಳಗು ಹೋಯಿತು. ಆ ಬೆಳಗಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನು ಪ್ರಯತ್ನಪಟ್ಟೂ ಇಲ್ಲ.

ನಮ್ಮದು ಬಸವನಗುಡಿಯ ಮನೆ. ಐದಕ್ಕೆ ಏಳಬೇಕು, ಸ್ನಾನವಾಗದೆ ಪುಸ್ತಕ ಮುಟ್ಟುವಂತಿಲ್ಲ, ಪುಸ್ತಕ ಮುಚ್ಚದೆ ಊಟಕ್ಕೆ ಏಳುವಂತಿಲ್ಲ. ಸಿಟ್ಟಿಗೂ ನನ್ನ ತಂದೆ ಒಂದು ಕಟ್ಟಳೆ ಮಾಡಿದ್ದರು. "ಮಧ್ಯದಿಂದ ಕೂಗ್ಬೇಡ. ಮೊದಲಿನಿಂದ ಹೇಳು. ಕೊನೇವರೆಗೂ ಹೇಳೋಕಾದ್ರೆ ಆ ಸಿಟ್ಟು ನಿಜ, ಇಲ್ಲದಿದ್ರೆ ಬರೀ ಹಸಿವು" ಎನ್ನುತ್ತಿದ್ದರು. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ಹಿರಿಯ ಮೇಷ್ಟರು ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ಆಯಾ ತರಗತಿಯ ಅಧ್ಯಾಪಕರು ತಮ್ಮ ಮಕ್ಕಳ ವಾರ್ಷಿಕ ಪತ್ರಿಕೆಗಳನ್ನು ತಾವೇ ತಿದ್ದಬಾರದೆಂಬುದು ನಮ್ಮ ಶಾಲೆಯ ಪದ್ಧತಿ. ನನ್ನ ಮಕ್ಕಳ ಪತ್ರಿಕೆ ಅವರು ತಿದ್ದುತ್ತಿದ್ದರು. ಪಟ್ಟಿಯ ಕೊನೆಯಲ್ಲಿ ಅವರದೇ ಕೈಯ ಒಂದು ಕೆಂಪು ಗೆರೆ, ಗೆರೆಯ ಕೆಳಗೆ ಐದಾರು ಹೆಸರು. ಆ ಹೆಸರುಗಳಲ್ಲಿ ಕತ್ರಿಗುಪ್ಪೆಯ ಹುಡುಗಿಯದೂ ಇತ್ತು.

ಆಗ ಕತ್ರಿಗುಪ್ಪೆ ಹಳ್ಳಿ. ರಾಗಿ ಹೊಲ, ತರಕಾರಿ ತೋಟ, ನಡುವೆ ಬಾವಿಗಳು. ಆ ಹುಡುಗಿ ಬದುಗಳ ಮೇಲೆ ನಡೆದು, ಯಡಿಯೂರು ಕೆರೆಯ ಅಂಚು ಹಿಡಿದು ಶಾಲೆಗೆ ಬರುತ್ತಿದ್ದಳು. ಅವಳನ್ನು ಪಾಪದ ಹುಡುಗಿ ಎಂದು ಯಾರೂ ತಿಳಿಯಬೇಕಿಲ್ಲ. ವಾರಕ್ಕೆರಡು ದಿನ ತಡ. ಮಸಿ ಯಾವಾಗಲೂ ಪಕ್ಕದವಳದು. ಬೈದರೆ ತಲೆ ತಗ್ಗಿಸುವ ಬದಲು ಬೈದವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಉಳಿದ ಪಾಠಗಳಲ್ಲಿ ಹೇಗೋ ದಾಟಿದ್ದಳು. ಇಂಗ್ಲಿಷಿನಲ್ಲಿ ಮಾತ್ರ ನಾಲ್ಕೇ ನಾಲ್ಕು ಅಂಕ ಕಡಿಮೆಯಾಗಿ ಗೆರೆಯ ಕೆಳಗೆ ಬಿದ್ದಿದ್ದಳು.

ಅವಳ ಚಿಕ್ಕಪ್ಪ ಆಗಲೇ ಬಂದು ಹೊರಗಿನ ಜಗಲಿಯಲ್ಲಿ ಕೂತಿದ್ದರು. ಬೆಳಗಿನ ಜಾವ ಗಾಡಿಯಲ್ಲಿ ಬದನೆಕಾಯಿ ಮಾರುಕಟ್ಟೆಗೆ ಹಾಕಿ, ಹಿಂದಿರುಗುವ ದಾರಿಯಲ್ಲಿ ನಿಂತವರು. ಹುಡುಗಿಯ ತಂದೆಗೆ ಕಚೇರಿ, ಶಾಲೆ ಎಂದರೆ ಕಾಲು ಬಾರದು; ಹೊರಗಿನ ವ್ಯವಹಾರವೆಲ್ಲ ಈ ಚಿಕ್ಕಪ್ಪನದೇ. ನಾನು ಒಳಗೆ ಹೋಗುವಾಗ ಎದ್ದು ನಿಂತು ಮಾತಾಡಿಸಿದ್ದರು.

"ಮೇಡಂ, ಪಾಸಾದ್ರೆ ಕಳಿಸ್ತೀವಿ. ಮನೇಲಿ ಹಂಗೇ ಮಾತಾಗೈತೆ."

"ಆಗದೇ ಇದ್ರೆ? ಇನ್ನೊಂದು ವರ್ಷ ಓದ್ಲಿ."

"ಒಂದೇ ಕ್ಲಾಸ್ನಾಗೆ ಎರಡ್ ಸಲ ಕೂತ್ಕೊಳಕ್ಕೆ ಅದೇನ್ ಸಿನಿಮಾನಾ ಮೇಡಂ? ಸಾಕು ಬುಡಿ. ತೋಟದಾಗೆ ಕೆಲ್ಸ ಬೇಕಾದಷ್ಟೈತೆ. ಗಂಡೂ ನೋಡಿದ್ದಾಯ್ತು."

ಇದನ್ನು ಅವರು ಕೆಟ್ಟದಾಗಿಯೇನೂ ಹೇಳಲಿಲ್ಲ. ನಗುತ್ತಲೇ ಹೇಳಿದರು. ಹಾಗಾಗಿ ಕೋಣೆಯೊಳಗೆ ಕೂರುವಾಗಲೇ ನನಗೆ ಗೊತ್ತಿತ್ತು: ಆ ಗೆರೆಯಿಂದ ಒಂದು ಹುಡುಗಿಯ ಓದು ಅವತ್ತೇ ನಿಲ್ಲುತ್ತದೆ.

ನಾನು ಅವಳ ಪತ್ರಿಕೆಯನ್ನು ಕಟ್ಟಿನಿಂದ ಎಳೆದು ನೋಡಿದೆ. ಒಂದು ಪ್ರಶ್ನೆಗೆ ಹತ್ತಕ್ಕೆ ಸೊನ್ನೆ. ಎರಡು ಪುಟ ತುಂಬ ಬರೆದ ಉತ್ತರದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಪ್ರಶ್ನೆ ಇಷ್ಟು: ಯಾವುದಾದರೂ ನಾಲ್ಕು ಅಲಂಕಾರಗಳನ್ನು ಉದಾಹರಣೆ ಕೊಟ್ಟು ವಿವರಿಸಿ. ಅವಳು ಆರಿಸಿಕೊಂಡದ್ದು ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್, ಐರನಿ.

ಇಲ್ಲಿ ಆ ವರ್ಷದ ಪಾಠದ ಸಂಗತಿ ಹೇಳಬೇಕು. ನಮ್ಮ ಶಾಲೆಯಲ್ಲಿ ಅಲಂಕಾರಗಳಿಗೆ ಒಂದು ನೋಟ್ಸ್ ಇತ್ತು, ಹಿರಿಯ ಮೇಷ್ಟರದು. ಒಂದೊಂದು ಅಲಂಕಾರಕ್ಕೆ ಒಂದು ಲಕ್ಷಣ, ಒಂದು ಉದಾಹರಣೆ. ಸಿಮಿಲಿಗೆ, ಸೈನಿಕ ಸಿಂಹದಂತೆ ಹೋರಾಡಿದ. ಮೆಟಫರಿಗೆ, ಹಡಗು ಸಮುದ್ರವನ್ನು ಉಳುತ್ತದೆ. ವರ್ಷಗಟ್ಟಲೆ ಅದೇ ಸೈನಿಕ, ಅದೇ ಹಡಗು. ನನ್ನ ತರಗತಿಯಲ್ಲಿ ಹಡಗನ್ನು ಕಂಡ ಮಗು ಒಂದೂ ಇರಲಿಲ್ಲ. ನಾನೂ ಕಂಡಿರಲಿಲ್ಲ. ಮೇಷ್ಟರೂ ಕಂಡಿರಲಿಲ್ಲವೆಂದೇ ನನ್ನ ಅನುಮಾನ. ನಾನು ಆ ವಾಕ್ಯವನ್ನು ಹಲಗೆಯ ಮೇಲೆ ಬರೆದ ದಿನ ಈ ಹುಡುಗಿಯೇ ಎದ್ದು ನಿಂತಳು.

"ಮಿಸ್, ಸಮುದ್ರ ಉತ್ರೆ ಏನ್ ಬೆಳೀತೀರಿ?"

ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ಒಂದು ದನಿ, "ಉಪ್ಪು ಕಣೇ!"

ನನಗೆ ನಗು ಬರಲಿಲ್ಲ. ಉಳುವುದು ಅವಳಿಗೆ ಗೊತ್ತು, ಹಡಗು ಗೊತ್ತಿಲ್ಲ. ಮೇಷ್ಟರಿಗೆ ಎರಡೂ ಗೊತ್ತಿಲ್ಲ. ಆದರೆ ಉದಾಹರಣೆ ಮೇಷ್ಟರದು. ನಾನು ಸೀಮೆಸುಣ್ಣ ಕೆಳಗಿಟ್ಟು ಕೇಳಿದೆ: "ಕನ್ನಡ ಪಿರಿಯಡ್‌ನಲ್ಲಿ ಉಪಮಾಲಂಕಾರ ಹೇಗೆ ಬರೀತೀರಿ?"

ಇಡೀ ತರಗತಿ ಒಂದೇ ಉಸಿರಿನಲ್ಲಿ ಹೇಳಿತು: ಲಕ್ಷಣ, ಲಕ್ಷ್ಯ, ಸಮನ್ವಯ. ಮೊದಲು ಅಲಂಕಾರವೆಂದರೇನು, ಆಮೇಲೆ ಒಂದು ಉದಾಹರಣೆ, ಆಮೇಲೆ ಆ ಉದಾಹರಣೆಯನ್ನು ಬಿಚ್ಚಿ ತೋರಿಸುವುದು. ಯಾವುದನ್ನು ಹೋಲಿಸಿದೆ, ಅದು ಉಪಮೇಯ. ಯಾವುದಕ್ಕೆ ಹೋಲಿಸಿದೆ, ಅದು ಉಪಮಾನ. ಹೋಲಿಸುವ ಮಾತು ಯಾವುದು, ಎರಡಕ್ಕೂ ಸಮಾನವಾದ ಗುಣ ಯಾವುದು. ಪಂಡಿತರು ಇದನ್ನು ಬೆತ್ತ ಹಿಡಿದು ಕಲಿಸಿದ್ದರು. ಮಕ್ಕಳಿಗೆ ನಿದ್ದೆಯಲ್ಲೂ ಬರುತ್ತಿತ್ತು.

"ಇಂಗ್ಲಿಷ್‌ನಲ್ಲೂ ಹಾಗೇ ಮಾಡಿ. ಉದಾಹರಣೆ ನಿಮ್ದೇ ಇರ್ಲಿ. ಆದ್ರೆ ಬಿಚ್ಚಿ ತೋರಿಸ್ಬೇಕು" ಎಂದೆ.

ಇದು ಸರಿಯೆಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಬಿಚ್ಚಿ ತೋರಿಸಲು ಬಂದರೆ ಅರ್ಥವಾಗಿದೆ, ಬರದಿದ್ದರೆ ಇಲ್ಲ. ಆ ವರ್ಷವೆಲ್ಲ ಮಂಗಳವಾರ, ಗುರುವಾರ ಇದೇ ನಡೆಯಿತು. ಜಗಳಗಳೂ ನಡೆದವು. ಪರ್ಸಾನಿಫಿಕೇಷನ್ ಎಂದರೆ ಜೀವವಿಲ್ಲದ್ದಕ್ಕೆ, ಮನುಷ್ಯನಲ್ಲದ್ದಕ್ಕೆ ಮನುಷ್ಯನ ಗುಣ ಕೊಡುವುದು ಎಂದು ಹೇಳಿದ ದಿನ, ನಮ್ಮ ಹಸುವಿಗೆ ಚಿಕ್ಕಪ್ಪನ ಮೇಲೆ ಸಿಟ್ಟು ಎಂದು ಈ ಹುಡುಗಿ ಬರೆದು ತಂದಳು. ನಾನು ಹೊಡೆದು ಹಾಕಿದೆ.

"ಹಸೂಗೆ ಸಿಟ್ಟು ಬರಲ್ವಾ ಮಿಸ್?"

"ಬರುತ್ತೆ."

"ಮತ್ತೆ?"

"ನಿಜವಾಗಿ ಬರುತ್ತಲ್ಲ, ಅದಕ್ಕೇ ಅಲಂಕಾರ ಅಲ್ಲ. ಅದು ಸುದ್ದಿ. ಸಿಟ್ಟು ಬರದೇ ಇರೋದಕ್ಕೆ ಸಿಟ್ಟು ಕೊಡು."

"ಹಂಗಾರೆ ಸೀಮೆಎಣ್ಣೆ ಸ್ಟೌವು" ಎಂದಳು. ಕೂತಳು. ಹಾಗೆ ಕಲಿತವಳು ಅವಳು.

ಈಗ ಅವಳ ಉತ್ತರ. ಸಿಮಿಲಿಯ ಲಕ್ಷಣ ಸರಿಯಾಗಿತ್ತು. ಲಕ್ಷ್ಯಕ್ಕೆ ಅವಳು ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ: ನನ್ನ ಚಿಕ್ಕಪ್ಪನ ಕೋಪ ರಾಗಿಮುದ್ದೆಯ ಹಾಗೆ. ಕೆಳಗೆ ಸಮನ್ವಯ. ಹೋಲಿಸಿದ್ದು ಕೋಪ, ಹೋಲಿಸಿರುವುದು ಮುದ್ದೆಗೆ, ಸಮಾನ ಗುಣವೆಂದರೆ ಎರಡೂ ಮೇಲೆ ಆರಿದಂತೆ ಕಾಣುತ್ತವೆ, ಮುರಿದರೆ ಒಳಗೆ ಕೈ ಸುಡುತ್ತದೆ. ಉಪಮೇಯ, ಉಪಮಾನ ಎಂಬ ಮಾತುಗಳಿಗೆ ಇಂಗ್ಲಿಷ್ ಗೊತ್ತಾಗದೆ ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಮೆಟಫರಿಗೆ: ನಮ್ಮ ಹೊಲದಲ್ಲಿ ನೆಟ್ಟಿರುವ ಬಿಳಿ ಕಲ್ಲುಗಳು ಹಲ್ಲುಗಳು. ಬಡಾವಣೆಗೆಂದು ಆಗ ಅಲ್ಲೆಲ್ಲ ಅಳತೆಯ ಕಲ್ಲು ನೆಡುತ್ತಿದ್ದರು. ಕಲ್ಲು ಹಲ್ಲಿನಂತೆ ಎನ್ನದೆ ಕಲ್ಲೇ ಹಲ್ಲು ಎಂದಿರುವುದರಿಂದ ಇದು ಸಿಮಿಲಿಯಲ್ಲ, ಮೆಟಫರ್ ಎಂದೂ ಬಿಡಿಸಿ ಬರೆದಿದ್ದಳು. ಪರ್ಸಾನಿಫಿಕೇಷನ್ನಿಗೆ ಆ ಸ್ಟೌವು: ಅಜ್ಜಿ ಬೈದರೆ ಮಾತ್ರ ಹೊತ್ತಿಕೊಳ್ಳುವ ಹಟಮಾರಿ. ಐರನಿ ಮಾತ್ರ ಪೂರ್ತಿ ತಪ್ಪು. ಹಬ್ಬದ ದಿನ ಅಣ್ಣ ಕೆಸರಿನಲ್ಲಿ ಜಾರಿ ಬಿದ್ದ ಎಂದು ಬರೆದಿದ್ದಳು. ಅದು ಜಾರಿ ಬೀಳುವುದಷ್ಟೆ. ಐರನಿ ಎಂದರೆ ಹೇಳುವುದು ಒಂದು, ಮನಸ್ಸಿನಲ್ಲಿರುವುದು ಅದಕ್ಕೆ ವಿರುದ್ಧ. ಅದು ಅವಳಿಗೆ ಕೈವಶವಾಗಿರಲಿಲ್ಲ.

ನಾನು ಅಲ್ಲಿಯೇ ಲೆಕ್ಕ ಹಾಕಿದೆ. ಐರನಿಗೆ ಏನೂ ಇಲ್ಲ. ಕನ್ನಡದ ಮಾತು ಸೇರಿಸಿದ್ದಕ್ಕೆ ಸ್ವಲ್ಪ ಕಳೆಯಬೇಕು. ಉಳಿದದ್ದು ಹತ್ತಕ್ಕೆ ಏಳು. ಕರುಣೆಯ ಏಳಲ್ಲ, ಗಳಿಸಿದ ಏಳು.

"ಸಾರ್, ಇದಕ್ಕೆ ಸೊನ್ನೆ ಯಾಕೆ?" ಎಂದು ಕೇಳಿದೆ.

ಹಿರಿಯ ಮೇಷ್ಟರು ನಶ್ಯದ ಡಬ್ಬಿ ತೆರೆದರು. "ಓದಿ ನೋಡಿದ್ರೇನಮ್ಮ? ಇಂಗ್ಲಿಷ್ ಪೇಪರಲ್ಲಿ ಮುದ್ದೆ ತೊಳಸಿದಾಳೆ."

"ಮುದ್ದೆ ಅಂದ್ರೇನು ಸಾರ್ ತಪ್ಪು? ಕಂಪ್ಯಾರಿಸನ್ ಸರಿಯಾಗಿದೆಯಲ್ಲ?"

"ನೋಡಿ, ಎಕ್ಸಾಮಿನರ್‌ಗೆ ಬೇಕಾಗಿರೋದು ಸ್ಟ್ಯಾಂಡರ್ಡ್ ಎಗ್ಸಾಂಪಲ್. ನಾಳೆ ಪಬ್ಲಿಕ್ ಪರೀಕ್ಷೇಲಿ ಧಾರವಾಡದೋರೋ ಮಂಗಳೂರೋರೋ ಪೇಪರ್ ತಿದ್ತಾರೆ. ಅವರಿಗೆ ಇವಳ ಚಿಕ್ಕಪ್ಪ ಗೊತ್ತೇನು?"

"ಆ ಸೈನಿಕ ಗೊತ್ತಾ ಸಾರ್ ಅವರಿಗೆ?"

ಮುಖ್ಯೋಪಾಧ್ಯಾಯರು ಕೆಮ್ಮಿದರು. ಅವರು ಕೆಟ್ಟವರಲ್ಲ. ಜಗಳವಾಗದಿದ್ದರೆ ಸಾಕೆನ್ನುವ ಮನುಷ್ಯ. ಅಂಥವರಿಂದ ಆಗುವ ಅನ್ಯಾಯದ ತೂಕ ನನಗೆ ಆ ದಿನ ತಿಳಿಯಿತು. "ಮಿಸ್, ಹಿರಿಯರು ಅವ್ರು. ಸಮಾಧಾನವಾಗಿ ಮಾತಾಡೋಣ" ಎಂದರು.

ನಾನು ಸಮಾಧಾನವಾಗಿಯೇ ಮಾತಾಡುತ್ತಿದ್ದೆ. ದನಿ ಏರಿಸಿರಲಿಲ್ಲ. ಪ್ರಶ್ನೆ ಕೇಳಿದ್ದೇ ಅಸಮಾಧಾನವಾಗಿ ಕಂಡಿತ್ತು ಅವರಿಗೆ.

ನಾನು ಪಂಡಿತರ ಕಡೆ ತಿರುಗಿದೆ. ಅವರ ಮೇಲೆ ನನಗೆ ದೊಡ್ಡ ಭರವಸೆ. ಪಂಡಿತರಿಗೂ ಹಿರಿಯ ಮೇಷ್ಟರಿಗೂ ಯಾವ ಕಾಲದಿಂದಲೋ ಮಾತಿರಲಿಲ್ಲ. ಯಾವುದೋ ವಾರ್ಷಿಕೋತ್ಸವದಲ್ಲಿ ಯಾರ ಭಾಷಣ ಮೊದಲು ಎಂಬುದರಿಂದ ಶುರುವಾದದ್ದಂತೆ. ಒಬ್ಬರು ಅಧ್ಯಾಪಕರ ಕೋಣೆಗೆ ಬಂದರೆ ಇನ್ನೊಬ್ಬರು ಪಂಚೆ ಕೊಡವಿ ಎದ್ದು ಹೋಗುತ್ತಿದ್ದರು. ಹುಡುಗಿ ಬರೆದದ್ದೋ ಪಂಡಿತರೇ ಕಲಿಸಿದ ಕ್ರಮ. ಅದಕ್ಕೆ ಸೊನ್ನೆ ಹಾಕಿದವರು ಅವರ ವೈರಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

"ಪಂಡಿತ್ರೇ, ನೀವು ನೋಡಿ. ಲಕ್ಷಣ, ಲಕ್ಷ್ಯ, ಸಮನ್ವಯ ಎಲ್ಲಾ ಇದೆ. ನೀವು ಹೇಳ್ಕೊಟ್ಟ ಹಾಗೇ ಇದೆ."

ಪಂಡಿತರು ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ದೂರ ಹಿಡಿದು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಕೆಂಪಾಯಿತು. ಗೆದ್ದೆ ಎಂದುಕೊಂಡೆ.

"ಏನ್ರೀ ಇದು!" ಎಂದರು ಪಂಡಿತರು. "ಮುಖ ಕಮಲದಂತೆ ಅಂತ ಹೇಳ್ಕೊಟ್ರೆ ಬಾಯಿಗೆ ಮುದ್ದೆ ತುರುಕಿದಾಳಲ್ರೀ! ಉಪಮಾನ ಅಂದ್ರೆ ಒಂದು ಔಚಿತ್ಯ ಬೇಡ್ವೇ? ನಮ್ಮ ಶಾಸ್ತ್ರಾನ ತಗೊಂಡು ಹೋಗಿ ಇಂಗ್ಲಿಷ್ ಪೇಪರಲ್ಲಿ, ಅದೂ ಇಂಗ್ಲಿಷ್ ಅಕ್ಷರದಲ್ಲಿ! ಯಾರು ಹೇಳಿದ್ದು ಇವಳಿಗೆ ಹೀಗೆ ಬೆರಕೆ ಮಾಡು ಅಂತ?"

"ನಾನು ಹೇಳಿದ್ದು."

"ಹಾಗಾದ್ರೆ ನಿಮಗೂ ಸೊನ್ನೆ" ಎಂದು ಪತ್ರಿಕೆಯನ್ನು ಮೇಜಿನ ಮೇಲೆ ಎಸೆದರು.

ಹಿರಿಯ ಮೇಷ್ಟರು ನಶ್ಯದ ಡಬ್ಬಿಯನ್ನು ಪಂಡಿತರ ಕಡೆಗೆ ಚಾಚಿದರು. ಪಂಡಿತರು ಒಂದು ಚಿಟಿಕೆ ತೆಗೆದುಕೊಂಡರು. ಅಷ್ಟು ವರ್ಷ ಮಾತು ಬಿಟ್ಟವರನ್ನು ಒಂದು ಮುದ್ದೆ ಒಂದು ಮಾಡಿತು. ಮುಖ್ಯೋಪಾಧ್ಯಾಯರಿಗಂತೂ ಕಣ್ಣು ತುಂಬಿ ಬಂದಷ್ಟು ಸಂತೋಷ. ಒಬ್ಬರಿಗೆ ಅದರಲ್ಲಿ ಇಂಗ್ಲಿಷ್ ಸಾಲದು, ಇನ್ನೊಬ್ಬರಿಗೆ ಸಂಸ್ಕೃತ ಸಾಲದು. ಹುಡುಗಿಗೆ ಅರ್ಥವಾಗಿದೆಯೇ ಎಂಬುದು ಆ ಕೋಣೆಯಲ್ಲಿ ಯಾರ ಪ್ರಶ್ನೆಯೂ ಆಗಿರಲಿಲ್ಲ. ಒಬ್ಬರು ತಮ್ಮ ಹಡಗನ್ನು ಕಾಯುತ್ತಿದ್ದರು, ಇನ್ನೊಬ್ಬರು ತಮ್ಮ ಕಮಲವನ್ನು. ಬೆಳಿಗ್ಗೆ ಇಬ್ಬರೂ ಉಂಡು ಬಂದದ್ದು ಏನೆಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

"ಈಗ ಒಂದು ಕೆಲಸ ಮಾಡೋಣ" ಎಂದರು ಮುಖ್ಯೋಪಾಧ್ಯಾಯರು. "ಗ್ರೇಸ್ ಕೊಟ್ಟುಬಿಡೋಣ. ಹುಡುಗಿ ಹತ್ತಕ್ಕೆ ಹೋಗ್ಲಿ. ಉತ್ತರ ತಪ್ಪು ಅಂತ ನೀವು ಒಪ್ಕೊಂಡುಬಿಡಿ. ಎಲ್ಲರಿಗೂ ಸಮಾಧಾನ."

ಈ ಗ್ರೇಸ್ ಎಂಬುದನ್ನು ವಿವರಿಸಬೇಕು. ಗ್ರೇಸ್ ಸಿಕ್ಕವರ ಹೆಸರಿನ ಮುಂದೆ ಪಟ್ಟಿಯಲ್ಲಿ ಒಂದು ನಕ್ಷತ್ರದ ಗುರುತು ಹಾಕುತ್ತಿದ್ದರು. ಅಂಥವರನ್ನು ಹತ್ತನೆಯ ತರಗತಿಯಲ್ಲಿ ಹಿರಿಯ ಮೇಷ್ಟರು ಕೊನೆಯ ಬೆಂಚಿನಲ್ಲಿ ಕೂರಿಸುತ್ತಿದ್ದರು, ಪ್ರಶ್ನೆ ಕೇಳುತ್ತಿರಲಿಲ್ಲ. ಡಿಸೆಂಬರಿನಲ್ಲಿ, ಪಬ್ಲಿಕ್ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂಬ ಆಯ್ಕೆ ಬಂದಾಗ, ಶಾಲೆಯ ಫಲಿತಾಂಶ ಕೆಡಬಾರದೆಂದು ಮೊದಲು ಕೈ ಬಿಡುತ್ತಿದ್ದದ್ದು ಈ ನಕ್ಷತ್ರದವರನ್ನೇ. ಏಪ್ರಿಲ್‌ನಲ್ಲಿ ಬಾಗಿಲು ತೆರೆದು ಡಿಸೆಂಬರಿನಲ್ಲಿ ಕತ್ತು ಹಿಡಿದು ತಳ್ಳುವುದಕ್ಕೆ ಗ್ರೇಸ್ ಎಂದು ಹೆಸರು. ನಕ್ಷತ್ರದ ಅರ್ಥ ತಿಳಿದರೆ ಚಿಕ್ಕಪ್ಪ ಅದನ್ನು ಪಾಸೆನ್ನುವುದಿಲ್ಲವೆಂಬುದೂ ನನಗೆ ಗೊತ್ತಿತ್ತು.

"ಗ್ರೇಸ್ ಬೇಡ ಸಾರ್. ಅವಳು ಬರೆದಿದ್ದಕ್ಕೆ ಮಾರ್ಕ್ಸ್ ಕೊಡಿ."

"ಅಲ್ಲಮ್ಮ, ಹುಡುಗಿಗೆ ಒಳ್ಳೇದಾಗ್ಲಿ ಅಂತ ನಾವು ನೋಡ್ತಿದ್ರೆ ನೀವು ಹಟ ಹಿಡೀತಿದೀರಲ್ಲ?" ಎಂದರು ಹಿರಿಯ ಮೇಷ್ಟರು.

"ಅವಳಿಗೆ ಗೊತ್ತಿಲ್ಲ ಅಂತ ನಿಮಗನ್ಸಿದ್ರೆ ಕರೆದು ಕೇಳಿ ಸಾರ್. ಪಟ್ಟಿ ನೋಡೋಕೆ ಬಂದು ಹೊರಗಡೇನೇ ಇದಾಳೆ. ಗೊತ್ತಿದ್ರೆ ನಕ್ಷತ್ರ ಇಲ್ಲದೆ ಪಾಸು. ಗೊತ್ತಿಲ್ಲದಿದ್ರೆ ಫೇಲು. ಮಧ್ಯದ ಕೃಪೆ ಬೇಡ."

ಮೌಖಿಕವಾಗಿ ಕೇಳುವ ಅಧಿಕಾರ ಮುಖ್ಯೋಪಾಧ್ಯಾಯರಿಗಿತ್ತು. ಜ್ವರ ಬಂದು ಪರೀಕ್ಷೆ ತಪ್ಪಿದವರನ್ನು ಹಾಗೆ ಕೇಳುತ್ತಿದ್ದರು. ಬೇಗ ಮುಗಿದರೆ ಸಾಕೆಂದು ಒಪ್ಪಿದರು. ಜವಾನ ಹೋಗಿ ಹುಡುಗಿಯನ್ನು ಕರೆತಂದ.

ಅವಳು ಬಾಗಿಲ ಬಳಿ ನಿಂತಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕಾಲಲ್ಲಿ ಬದುವಿನ ಮಣ್ಣು. ಮೇಜಿನ ಮೇಲೆ ತನ್ನ ಪತ್ರಿಕೆ, ಅದರ ಮೇಲಿನ ಕೆಂಪು ಗೆರೆಗಳು ಅವಳಿಗೆ ಕಂಡವು. ನನ್ನನ್ನು ನೋಡಿದಳು. ನಾನು ಏನೂ ಸನ್ನೆ ಮಾಡಲಿಲ್ಲ. ಮಾಡುವುದು ಸರಿಯಲ್ಲ.

"ಏನಮ್ಮ," ಎಂದರು ಹಿರಿಯ ಮೇಷ್ಟರು, "ವಾಟ್ ಈಸ್ ಎ ಸಿಮಿಲಿ?"

ಅವಳು ಒಂದು ಕ್ಷಣ ಮೇಲಿನ ಸೂರನ್ನು ನೋಡಿದಳು. ಆಮೇಲೆ ಹೇಳಿದಳು. ಹಿರಿಯ ಮೇಷ್ಟರ ನೋಟ್ಸಿನ ಲಕ್ಷಣ, ಅಕ್ಷರ ಬಿಡದ ಹಾಗೆ. ಹಿಂದೆಯೇ ಸೈನಿಕ, ಸಿಂಹ. ಕೇಳದಿದ್ದರೂ ಮೆಟಫರ್, ಹಡಗು, ಸಮುದ್ರ. ಪರ್ಸಾನಿಫಿಕೇಷನ್. ಐರನಿಯೂ ಬಂತು, ತಪ್ಪಿಲ್ಲದೆ. ಆದರೆ ನಾನು ತಲೆಯೆತ್ತಿ ನೋಡಿದ್ದು ಅದಕ್ಕಲ್ಲ. ಅವಳು ಹೇಳುತ್ತಿದ್ದದ್ದು ಮೇಷ್ಟರ ದನಿಯಲ್ಲಿ. ಅದೇ ಮೂಗಿನ ರಾಗ, ಪ್ರತಿ ವಾಕ್ಯದ ಕೊನೆಯಲ್ಲಿ ಅದೇ ಎಳೆತ, ಲಕ್ಷಣಕ್ಕೂ ಉದಾಹರಣೆಗೂ ನಡುವೆ ಮೇಷ್ಟರು ನಶ್ಯ ಏರಿಸಿಕೊಳ್ಳುವಷ್ಟು ಹೊತ್ತಿನ ಅದೇ ಮೌನ. ಮುಖ್ಯೋಪಾಧ್ಯಾಯರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಳ್ಳುವವರಂತೆ ಮುಚ್ಚಿಕೊಂಡರು. ಪಂಡಿತರ ಭುಜ ಕುಲುಕುತ್ತಿತ್ತು. ಹಿರಿಯ ಮೇಷ್ಟರೊಬ್ಬರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಕಣ್ಣು ಅರೆಮುಚ್ಚಿ, ತಲೆದೂಗಿ, ಸಂಗೀತ ಕೇಳುವವರಂತೆ ಕೇಳಿದರು.

"ವೆರಿ ಗುಡ್! ಇಷ್ಟು ಚೆನ್ನಾಗಿ ಬರುತ್ತಲ್ಲೇ, ಹಾಗೆ ಬರಿಯೋಕೆ ಏನಾಗಿತ್ತು ನಿನಗೆ?"

ಹತ್ತನೆಯ ತರಗತಿಗೂ ನಮ್ಮ ತರಗತಿಗೂ ನಡುವೆ ಇದ್ದದ್ದು ಹಲಗೆಯ ತಡಿಕೆ. ವರ್ಷವೆಲ್ಲ ಆ ನೋಟ್ಸು ತಡಿಕೆಯ ಈಚೆಗೂ ಕೇಳಿಸುತ್ತಿತ್ತು. ಅವಳಿಗೆ ಅದು ಹಾಗೆ ಬಂದಿತ್ತು, ದನಿಯ ಸಮೇತ.

"ಒಂದು ನಿಮಿಷ ಸಾರ್" ಎಂದೆ. "ನಾನೊಂದು ಕೇಳ್ತೀನಿ. ಹಡಗು ಸಮುದ್ರಾನ ಉಳುತ್ತೆ ಅಂದ್ಯಲ್ಲ, ಅದರಲ್ಲಿ ಯಾವುದನ್ನ ಯಾವುದಕ್ಕೆ ಹೋಲಿಸಿದೆ? ಬಿಚ್ಚಿ ತೋರಿಸು."

"ಅದೆಲ್ಲ ಯಾಕಮ್ಮ ಈಗ?" ಹಿರಿಯ ಮೇಷ್ಟರು ಕೈ ಎತ್ತಿ ತಡೆದರು. "ಹೇಳಿದಳಲ್ಲ. ಕರೆಕ್ಟಾಗಿ ಹೇಳಿದಳು. ಇನ್ನೇನ್ ಬೇಕು?"

"ಅರ್ಥ ಆಗಿದೆಯಾ ಅಂತ ನೋಡೋದು ಬೇಡ್ವಾ ಸಾರ್?"

"ಅರ್ಥ ತಾನಾಗೇ ಆಗುತ್ತೆ ಬಿಡಿ, ದೊಡ್ಡವಳಾದ ಮೇಲೆ."

ಮುಖ್ಯೋಪಾಧ್ಯಾಯರು ಆಗಲೇ ಲೇಖನಿ ಎತ್ತಿಕೊಂಡಿದ್ದರು. ಮೌಖಿಕಕ್ಕೆ ಹತ್ತಕ್ಕೆ ಎಂಟು. ಅರ್ಥವಾಗಿ ಬರೆದದ್ದಕ್ಕೆ ಸೊನ್ನೆ, ಅರ್ಥವಿಲ್ಲದೆ ಒದರಿದ್ದಕ್ಕೆ ಎಂಟು. ನಾನು ಕೊಡಬೇಕೆಂದಿದ್ದ ಏಳಕ್ಕಿಂತ ಒಂದು ಹೆಚ್ಚು. ಅವಳ ಹೆಸರು ಕೆಂಪು ಗೆರೆಯ ಮೇಲಕ್ಕೆ ಹೋಯಿತು, ನಕ್ಷತ್ರವಿಲ್ಲದೆ. ನಾನು ಕೇಳಿದ್ದು ಸಿಕ್ಕಿತು. ಸಿಕ್ಕ ರೀತಿ ಮಾತ್ರ ನಾನು ಕೇಳಿದ್ದಲ್ಲ. ಬೇಡವೆನ್ನಬಹುದಾಗಿತ್ತು. ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪನನ್ನು ನೆನೆದು ಬಾಯಿ ಮುಚ್ಚಿದೆ.

"ಮುಂದಿನ ವರ್ಷದಿಂದ ಸಾರ್ ನೋಟ್ಸೇ ಡಿಕ್ಟೇಟ್ ಮಾಡಿ ಮಿಸ್" ಎಂದರು ಮುಖ್ಯೋಪಾಧ್ಯಾಯರು, ಮೃದುವಾಗಿ.

"ಮಾಡ್ತೀನಿ ಸಾರ್. ಸಮನ್ವಯಾನೂ ಮಾಡಿಸ್ತೀನಿ."

"ಅದು ಬೇಡ ಅಂತಾನೇ..."

"ಅದು ಮಾಡಿಸ್ತೀನಿ ಸಾರ್. ಬೇಡ ಅಂದ್ರೆ ಬರೆದು ಕೊಡಿ."

ಬರೆದು ಕೊಡಲಿಲ್ಲ. ನನಗೆ ಗೊತ್ತಿತ್ತು, ಕೊಡುವುದಿಲ್ಲವೆಂದು. ಆಮೇಲೆ ಆ ಶಾಲೆಯಲ್ಲಿ ನಾನಿದ್ದಷ್ಟು ವರ್ಷವೂ ಸಮನ್ವಯ ಮಾಡಿಸಿದೆ, ಆಮೇಲಿನ ಶಾಲೆಗಳಲ್ಲೂ ಮಾಡಿಸಿದೆ. ಅದು ಬೇರೆ ದಿನಗಳ ಮಾತು.

ಹೊರಗೆ ಬಂದು ಹುಡುಗಿಯನ್ನು ಕಂಬದ ಬಳಿ ನಿಲ್ಲಿಸಿಕೊಂಡೆ. ನನ್ನ ಸಿಟ್ಟಿನಲ್ಲಿ ಸ್ವಲ್ಪ ಭಾಗ ಅವಳದೂ ಇತ್ತು.

"ಅದೆಲ್ಲ ಬರ್ತಿದ್ರೆ ಪರೀಕ್ಷೇಲಿ ಯಾಕೆ ಬರೀಲಿಲ್ಲ?"

"ನೀವೇ ಪೇಪರ್ ತಿದ್ತೀರ ಅನ್ಕಂಡಿದ್ದೆ ಮಿಸ್. ಅದನ್ನ ಬರೆದಿದ್ರೆ ನೀವು ಬಿಚ್ಚಿ ತೋರ್ಸು ಅಂತಿದ್ರಿ. ನಂಗೆ ಹಡಗು ಬಿಚ್ಚಕ್ಕೆ ಬರಾಕಿಲ್ಲ."

"ಒಳಗೆ ಯಾಕೆ ಹಾಗಂದೆ ಮತ್ತೆ?"

"ಕೆಂಪು ಗೆರೆ ಕಾಣ್ತು. ಮುದ್ದೆ ಅವರ್ಗೆ ಸೇರ್ಲಿಲ್ಲ ಅಂತ ಗೊತ್ತಾಯ್ತು. ಸೇರೋದು ಬಡಿಸ್ದೆ."

"ಆ ದನಿ?"

ಅವಳು ಮೊದಲ ಸಲ ತಲೆ ತಗ್ಗಿಸಿದಳು. "ಅದು ಹಂಗೇ ಬಂತು ಮಿಸ್. ಆ ದನಿ ಬುಟ್ರೆ ನಂಗೆ ಪಾಠ ಮರ್ತೋಯ್ತದೆ."

ನನಗೆ ನಗು ಬಂತು, ನಗಲಿಲ್ಲ. ಪತ್ರಿಕೆಯಲ್ಲಿ ಬರೆದ ಐರನಿಯ ಉತ್ತರ ಪೂರ್ತಿ ತಪ್ಪು ಎಂದು ಹೇಳಿದೆ. ರಜೆಯಲ್ಲಿ ಐದು ಉದಾಹರಣೆ ಬರೆದು ಇಟ್ಟುಕೊಂಡು, ಶಾಲೆ ತೆರೆದ ದಿನ ತಂದು ತೋರಿಸಬೇಕು ಎಂದೆ.

"ಪಾಸಾದೋರಿಗೂ ಹೋಮ್‌ವರ್ಕಾ ಮಿಸ್?"

"ಪಾಸಾದೋರಿಗೇ."

ಒಂದು ಗಂಟೆಗೆ ಜವಾನ ಮೈದಾಹಿಟ್ಟಿನ ಅಂಟು ತಂದ. ಪಟ್ಟಿಯನ್ನು ನಾನೇ ಹಲಗೆಗೆ ಅಂಟಿಸಿದೆ, ಮೂಲೆಗಳನ್ನು ಒತ್ತಿ. ಮಕ್ಕಳು ಮುತ್ತಿಕೊಂಡರು. ಚಿಕ್ಕಪ್ಪನಿಗೆ ಓದಲು ಬರುತ್ತಿರಲಿಲ್ಲ. ಹುಡುಗಿ ಅವರ ಬೆರಳು ಹಿಡಿದು ತನ್ನ ಹೆಸರಿನ ಮೇಲೆ ಇಟ್ಟಳು.

"ಇದೇನಾ?"

"ಹೂಂ."

"ಮುಂದೆ ಆ ಹೂವಿನಂಥದ್ದು ಇಲ್ವಲ್ಲ? ಕೆಳಗಿನೋರಿಗೆ ಐತೆ."

"ಅದು ಇಲ್ದೇ ಇರೋದೇ ಒಳ್ಳೇದು ಚಿಕ್ಕಪ್ಪ."

ಅವರು ನನ್ನ ಕಡೆ ತಿರುಗಿ ಕೈ ಮುಗಿದರು. "ಹಂಗಾರೆ ಕಳಿಸ್ತೀವಿ ಮೇಡಂ. ಮಾತು ಅಂದ್ಮೇಲೆ ಮಾತು. ಗಂಡಿನೋರಿಗೆ ನಾನು ಹೇಳ್ಕತೀನಿ." ಹುಡುಗಿಯನ್ನು ಗಾಡಿಗೆ ಹತ್ತಿಸಿಕೊಂಡು ಹೊರಟರು.

ಒಳಗೆ ಯಾರೂ ಇರಲಿಲ್ಲ. ಹಿರಿಯ ಮೇಷ್ಟರೂ ಪಂಡಿತರೂ ಜೊತೆಯಾಗಿಯೇ ಮನೆಗೆ ಹೋಗಿದ್ದರು. ಉತ್ತರಪತ್ರಿಕೆಗಳು ಮೇಜಿನ ಮೇಲೆ ಹರಡಿದ್ದವು. ಅವನ್ನು ಕ್ರಮಾಂಕದ ಪ್ರಕಾರ ಜೋಡಿಸಿ ಕಟ್ಟುವುದು ತರಗತಿಯ ಅಧ್ಯಾಪಕರ ಕೆಲಸ, ಅಂದರೆ ನನ್ನದು. ಜೋಡಿಸಿದೆ. ಅವಳ ಪತ್ರಿಕೆಯ ಸೊನ್ನೆ ಹಾಗೆಯೇ ಇತ್ತು. ಮೌಖಿಕದ ಎಂಟು ಪಟ್ಟಿಯಲ್ಲಿ ಮಾತ್ರ. ಇನ್ನೊಬ್ಬರು ತಿದ್ದಿದ ಪತ್ರಿಕೆಯ ಮೇಲೆ ಬರೆಯುವ ಅಧಿಕಾರ ನನಗಿರಲಿಲ್ಲ, ಬರೆಯಲಿಲ್ಲ. ಅದನ್ನು ಅದರ ಜಾಗದಲ್ಲಿಯೇ ಇಟ್ಟು, ಹುರಿಯನ್ನು ಎರಡು ಸುತ್ತು ಸುತ್ತಿ, ಬೆರಳು ಕೆಂಪಾಗುವಷ್ಟು ಬಿಗಿದು ಗಂಟು ಹಾಕಿದೆ. ಬೀರುವಿನ ಕೆಳಗಿನ ಅರೆಯಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈಯನ್ನು ಗುಮಾಸ್ತರ ಕೈಗೆ ಕೊಟ್ಟು, ಅವರ ಪುಸ್ತಕದಲ್ಲಿ ಕೊಟ್ಟ ಹೊತ್ತು ಬರೆದು ಸಹಿ ಮಾಡಿದೆ.